ಒಂದೇ ತಿಂಗಳಲ್ಲಿ ಹನ್ನೊಂದು ಅಮಾವಾಸ್ಯೆ

ಕ್ಯಾಲೆಂಡರ್ ಗೋಡೆಗೆ ಹಾಕಿದ ಮಾರನೇ ದಿನ ಬೆಳಿಗ್ಗೆ ನಮ್ಮ ಅತ್ತೆ ಕೂಗಿದರು. "ಎಂತ ಮಾರಾಯ್ತಿ ಇದು? ಈ ತಿಂಗಳು ಹನ್ನೊಂದು ಅಮಾವಾಸ್ಯೆ!" ಕಾವಲಿ ಮೇಲಿದ್ದ ಅಕ್ಕಿ ರೊಟ್ಟಿ ಹಾಗೇ ಬಿಟ್ಟು ಬಂದು ನೋಡಿದೆ. ನಿಜ, ಎಣಿಸಿದರೆ ಹನ್ನೊಂದು ಕಪ್ಪು ಬೊಟ್ಟು. ನಡುನಡುವೆ ಒಂಬತ್ತು ಹುಣ್ಣಿಮೆ ಬೇರೆ.

"ಅದು ಅಮಾವಾಸ್ಯೆ ಅಲ್ಲ ಅತ್ತೆ. ಕಪ್ಪು ಬೊಟ್ಟು ಅಂದ್ರೆ ಅವತ್ತು ಯಾವುದೋ ರಾಜನೋ ರಾಣಿಯೋ ತೀರಿಕೊಂಡ ದಿನ. ಬಿಳಿ ಬೊಟ್ಟು ಹುಟ್ಟಿದ ದಿನ. ಜೋಡಿ ಉಂಗುರ ಇದ್ದರೆ ಮದುವೆ" ಅಂದೆ. ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಇನ್ನೊಂದು ಸಲ ನೋಡಿದರು. "ಹಾಗಾದರೆ ನಮ್ಮ ಅಮಾವಾಸ್ಯೆ ಎಲ್ಲಿ?" ಎಂದು ಕೇಳಿದರು. ಹುಡುಕಿದೆ. ಎಲ್ಲೂ ಇರಲಿಲ್ಲ.

ಇದು ರಾಜಮನೆತನಗಳ ಕ್ಯಾಲೆಂಡರ್. ಪ್ರಪಂಚದ ರಾಜರಾಣಿಯರ ಹುಟ್ಟು, ಮದುವೆ, ಸಾವು ಮೂರನ್ನೂ ಆಯಾ ತಾರೀಕಿನ ಚೌಕದಲ್ಲಿ ಕನ್ನಡದಲ್ಲೇ ಅಚ್ಚು ಹಾಕಿದ್ದಾರೆ. ಹನ್ನೆರಡು ಹಾಳೆ, ಮೇಲೊಂದು ತಂತಿ ಸುರುಳಿ, ತಿಂಗಳಿಗೊಂದು ಅರಮನೆಯ ಫೋಟೊ. ಬೆಲೆ 499 ರೂಪಾಯಿ. ನಾನು ಕೊಂಡಿದ್ದು ಜೂನ್ ಕೊನೆಗೆ, 249ಕ್ಕೆ. ಅರ್ಧ ವರ್ಷ ಮುಗಿದಿತ್ತಲ್ಲ, ಬೆಲೆಯೂ ಅರ್ಧ. ಆನ್‌ಲೈನ್ ಅಂಗಡಿಯ ಹೆಸರು ಇಲ್ಲಿ ಬೇಡ. ಕೊರಿಯರ್‌ನ ಹುಡುಗ ನಾಪೋಕ್ಲಿನಿಂದಲೇ ಫೋನ್ ಮಾಡಿ "ಅಕ್ಕಾ, ಮಳೆ ಜಾಸ್ತಿ, ಇಲ್ಲಿಗೇ ಬಂದು ತಗೊಳ್ಳಿ" ಅಂದ. ಅದು ನಮಗೆ ಅಭ್ಯಾಸ ಬಿಡಿ.

ನನಗೆ ಇದು ಯಾಕೆ ಬೇಕಿತ್ತು ಅಂದರೆ, ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದೊಂದು ಮೂರು ಕೋಣೆಯ ಹೋಂಸ್ಟೇ ಇದೆ. ಬರುವವರೆಲ್ಲ ತಡಿಯಂಡಮೋಳ್ ಹತ್ತುವುದಕ್ಕೆ ಅಂತ ಬರುತ್ತಾರೆ. ಮಳೆ ಹಿಡಿದರೆ ನಾಲ್ಕುನಾಡು ಅರಮನೆ ನೋಡಿಕೊಂಡು ಬಂದು, ಕಾಫಿ ಕುಡಿಯುತ್ತಾ ನನ್ನನ್ನು ಪ್ರಶ್ನೆ ಕೇಳುತ್ತಾರೆ. ಯಾವ ರಾಜ, ಎಷ್ಟು ಹೆಂಡತಿಯರು, ಹೇಗೆ ಸತ್ತ. ಊಟದ ಕೋಣೆಯಲ್ಲಿ ಇಂಥದ್ದೊಂದು ನೇತು ಹಾಕಿದರೆ ಅವರಿಗೂ ಓದುವುದಕ್ಕೆ ಏನಾದರೂ ಇರುತ್ತದೆ, ನನ್ನ ಗಂಟಲಿಗೂ ಸ್ವಲ್ಪ ರಜೆ ಸಿಗುತ್ತದೆ ಅಂದುಕೊಂಡೆ. ಒಂದು ತಿಂಗಳು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಓದುವುದಕ್ಕೆ ಚೆನ್ನಾಗಿದೆ. ಜುಲೈ ಹಾಳೆಯನ್ನೇ ತಗೊಳ್ಳಿ. 1ನೇ ತಾರೀಕು ಡಯಾನಾ ಹುಟ್ಟಿದ ದಿನ, 1961. ಅದೇ ಹಾಳೆಯ ಕೊನೆಯಲ್ಲಿ 29ಕ್ಕೆ ಅವಳ ಮದುವೆ, 1981. ಹುಟ್ಟಿಗೂ ಮದುವೆಗೂ ನಡುವೆ ನಾಲ್ಕು ಸಾಲು ಚೌಕ, ಅಷ್ಟೇ. ಅದೇ 29ರ ಚೌಕದ ಕೆಳಗೆ ಇನ್ನೊಂದು ಕಪ್ಪು ಬೊಟ್ಟು: ಜೈಪುರದ ಗಾಯತ್ರಿ ದೇವಿ, 2009. ಒಂದೇ ಚೌಕದಲ್ಲಿ ಉಂಗುರವೂ ಇದೆ, ಬೊಟ್ಟೂ ಇದೆ. ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರ ಮನೆಯಲ್ಲಿ ಸಾವು. ನಮ್ಮ ಊರಲ್ಲೂ ಹಾಗೇ ತಾನೆ? ಬೆಳಿಗ್ಗೆ ಒಂದು ಮನೆಗೆ ಮದುವೆಗೆ ಹೋಗಿ, ಸಂಜೆ ಸೀರೆ ಬದಲಿಸಿ ಇನ್ನೊಂದು ಮನೆಗೆ ಹೋಗುತ್ತೇವೆ.

17ರ ಚೌಕ ನನಗೆ ಹಿಡಿಸಲಿಲ್ಲ. 1918ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ನಿಕೋಲಸ್‌ನನ್ನು ಯೆಕಟೆರಿನ್‌ಬರ್ಗ್‌ನ ಒಂದು ಮನೆಯ ನೆಲಮಾಳಿಗೆಯಲ್ಲಿ ಗುಂಡು ಹೊಡೆದು ಕೊಂದ ದಿನ ಅದು. ಕ್ಯಾಲೆಂಡರಿನಲ್ಲಿ 'ನಿಕೋಲಸ್ ಮತ್ತು ಕುಟುಂಬ' ಅಂತ ಬರೆದು ಒಂದೇ ಬೊಟ್ಟು ಇಟ್ಟು ಮುಗಿಸಿದ್ದಾರೆ. ಆ ಕುಟುಂಬ ಅಂದರೆ ಹೆಂಡತಿ ಅಲೆಕ್ಸಾಂಡ್ರಾ, ಓಲ್ಗಾ, ತಾತಿಯಾನಾ, ಮರಿಯಾ, ಅನಸ್ತಾಸಿಯಾ, ಮತ್ತೆ 13 ವರ್ಷದ ಹುಡುಗ ಅಲೆಕ್ಸೇಯ್. ಏಳು ಜನಕ್ಕೆ ಒಂದು ಬೊಟ್ಟು! ಜಾಗ ಇರಲಿಲ್ಲ ಅನ್ನುವ ಹಾಗಿಲ್ಲ. ಹಿಂದಿನ ಚೌಕ ಖಾಲಿ ಬಿದ್ದಿದೆ.

ಮೈಸೂರಿನವರಿಗೆ ಮೋಸ ಮಾಡಿಲ್ಲ. 14ಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಹುಟ್ಟು, 1794. 18ಕ್ಕೆ ಜಯಚಾಮರಾಜ ಒಡೆಯರ್ ಹುಟ್ಟು, 1919. ಹಿಂದಿನ ಹಾಳೆ ತಿರುಗಿಸಿದರೆ ಜೂನ್ 27ಕ್ಕೆ ಯದುವೀರ್ ಅವರ ಮದುವೆ, 2016. ಫೋಟೊದಲ್ಲಿ ಅಕ್ಟೋಬರ್‌ಗೆ ಮೈಸೂರು ಅರಮನೆ, ದಸರಾ ದೀಪದ ಸಮೇತ. ಎಲ್ಲ ಸರಿ. ಆದರೆ ಜುಲೈ 4ಕ್ಕೆ ಬಂದಾಗ ಎಡವಿದ್ದಾರೆ.

ಅದನ್ನು ಹಿಡಿದವಳು ನಾನಲ್ಲ. ಮೈಸೂರಿನಿಂದ ಬಂದಿದ್ದ ಒಬ್ಬ ರಿಟೈರ್ಡ್ ಮೇಷ್ಟ್ರು. ಮಳೆ ಬಿಡದೆ ಎರಡು ದಿನ ಕೋಣೆಯಲ್ಲೇ ಉಳಿದಿದ್ದರು. ಕಡುಬು ತಿನ್ನುತ್ತಾ ತಲೆ ಎತ್ತಿ ನೋಡಿ, "ಏನಮ್ಮಾ, ನಮ್ಮ ನಾಲ್ವಡಿಯವರನ್ನ ಜುಲೈಗೆ ತಂದುಬಿಟ್ಟಿದ್ದಾರಲ್ಲ?" ಅಂದರು. ನೋಡಿದರೆ ಹೌದು. ಜುಲೈ 4ರಲ್ಲಿ ಬಿಳಿ ಬೊಟ್ಟು, 'ನಾಲ್ವಡಿ ಕೃಷ್ಣರಾಜ ಒಡೆಯರ್ ಜನನ, 1884'. ಅವರು ಹುಟ್ಟಿದ್ದು ಜೂನ್ 4. ಮೇಷ್ಟ್ರು ಎದ್ದು ಹೋಗಿ ಜೂನ್ ಹಾಳೆ ತೆಗೆದು ತೋರಿಸಿದರು. ಅಲ್ಲಿ 6ಕ್ಕೆ ಅವರ ಮದುವೆ ಸರಿಯಾಗಿದೆ: 1900, ಕಾಠಿಯಾವಾಡದ ವಾನಾದಿಂದ ಬಂದ ಪ್ರತಾಪ ಕುಮಾರಿ. 16 ತುಂಬಿದ ಎರಡೇ ದಿನಕ್ಕೆ ಮದುವೆ ಆದವರು. "ಈ ಕ್ಯಾಲೆಂಡರ್ ಪ್ರಕಾರ 16 ತುಂಬುವ ಮೊದಲೇ ಮದುವೆ ಮಾಡಿಬಿಟ್ಟಿದ್ದಾರೆ ನೋಡಿ" ಎಂದು ನಕ್ಕರು. ಆಮೇಲೆ ಇನ್ನೊಂದು ಕಡುಬು ಹಾಕಿಸಿಕೊಂಡರು.

ಅವರು ನಕ್ಕು ಬಿಟ್ಟರು. ನನಗೆ ಅದು ತಲೆಯಲ್ಲೇ ಕೂತಿತು. ಯಾಕೆಂದರೆ ಜುಲೈ 4 ಖಾಲಿ ದಿನ ಅಲ್ಲ. ಅದು ನಮ್ಮ ಗೌರಮ್ಮನ ದಿನ.

ಗೌರಮ್ಮ ಅಂದರೆ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಇಂಗ್ಲಿಷರು ರಾಜ್ಯ ಕಿತ್ತುಕೊಂಡರು. ಶರಣಾಗುವ ಮೊದಲು ಅವನು ಬಂದು ಅಡಗಿದ್ದು ಇದೇ ನಮ್ಮ ನಾಲ್ಕುನಾಡು ಅರಮನೆಯಲ್ಲಿ. ಆಮೇಲೆ ಅವನನ್ನು ಕಾಶಿಗೆ ಕಳಿಸಿದರು. ಮಗು ಹುಟ್ಟಿದ್ದು 1841ರ ಜುಲೈ 4ಕ್ಕೆ. 1852ರಲ್ಲಿ ಅಪ್ಪ ಮಗಳನ್ನು ಲಂಡನ್ನಿಗೆ ಕರೆದುಕೊಂಡು ಹೋದ. ಅಲ್ಲಿ ಅವಳನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ವಿಕ್ಟೋರಿಯಾ ಗೌರಮ್ಮ. ಆಗ ಹುಡುಗಿಗೆ ಇನ್ನೂ ಹನ್ನೊಂದರ ಆಸುಪಾಸು.

ರಾಣಿಗೆ ಇವಳನ್ನು ಪಂಜಾಬಿನ ದುಲೀಪ್ ಸಿಂಗ್‌ಗೆ ಕೊಟ್ಟು ಮದುವೆ ಮಾಡಿಸುವ ಆಸೆ ಇತ್ತು. ರಾಜ್ಯ ಕಳೆದುಕೊಂಡ ಒಬ್ಬ ಹುಡುಗ, ರಾಜ್ಯ ಕಳೆದುಕೊಂಡವನ ಮಗಳು. ನಮ್ಮ ಕಡೆ ಮದುವೆ ದಲ್ಲಾಳಿಗಳೂ ಹೀಗೇ ಲೆಕ್ಕ ಹಾಕುತ್ತಾರೆ. ದುಲೀಪ್ ಒಪ್ಪಲಿಲ್ಲ. 1860ರಲ್ಲಿ ಗೌರಮ್ಮ ತನಗಿಂತ ತುಂಬಾ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಮುಂದಿನ ವರ್ಷ ಒಬ್ಬ ಮಗಳು, ಈಡಿತ್. 1864ರ ಮಾರ್ಚ್ 30ಕ್ಕೆ ಗೌರಮ್ಮ ತೀರಿಕೊಂಡಳು. 23 ಕೂಡ ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ದುಲೀಪ್ ಸಿಂಗ್ ಬೇರೆ ಮದುವೆಯಾಗಿದ್ದು ಅದೇ ವರ್ಷ ಜೂನ್‌ನಲ್ಲಿ.

ಹುಟ್ಟು, ಮದುವೆ, ಸಾವು. ಈ ಕ್ಯಾಲೆಂಡರಿಗೆ ಬೇಕಾದ ಮೂರೂ ಇವಳ ಹತ್ತಿರ ಇದೆ ಅಲ್ವಾ? ಒಂದೂ ಹಾಕಿಲ್ಲ. ನಾನು ಮಾರ್ಚ್ ಹಾಳೆ ಹಿಂದಕ್ಕೆ ತಿರುಗಿಸಿ ನೋಡಿದೆ. 30ರಲ್ಲಿ ಕಪ್ಪು ಬೊಟ್ಟು ಇತ್ತು, ಒಂದು ಕ್ಷಣ ಖುಷಿಯೇ ಆಯಿತು. ಓದಿದರೆ ಇಂಗ್ಲೆಂಡಿನ ರಾಜಮಾತೆ ಎಲಿಜಬೆತ್, 2002. ಅವರು 101 ವರ್ಷ ಬಾಳಿದವರು. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಚೌಕದಲ್ಲಿ ಒಂದು ಸಾಲು ನಮ್ಮ ಹುಡುಗಿಗೂ ಸಿಗುತ್ತಿತ್ತು. ವಿಕ್ಟೋರಿಯಾ ರಾಣಿಯದಂತೂ ಮೂರೂ ಇದೆ: ಹುಟ್ಟು ಮೇ 24, ಮದುವೆ ಫೆಬ್ರವರಿ 10, ಸಾವು ಜನವರಿ 22. ಧರ್ಮತಾಯಿಗೆ ಮೂರು ಚೌಕ, ಧರ್ಮಪುತ್ರಿಗೆ ಸೊನ್ನೆ.

ಸೆಪ್ಟೆಂಬರ್‌ನಲ್ಲೂ ಇದೇ ಕಥೆ. 23ಕ್ಕೆ ಜಯಚಾಮರಾಜ ಒಡೆಯರ್ ತೀರಿಕೊಂಡ ದಿನ, 1974. ಸರಿಯಾಗಿದೆ. 24 ಖಾಲಿ. ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲಿ ಸತ್ತಿದ್ದು 1859ರ ಸೆಪ್ಟೆಂಬರ್ 24. ಅವನನ್ನು ಹೊಗಳುವವಳು ನಾನಲ್ಲ. ಅವನ ಕ್ರೌರ್ಯದ ಕಥೆಗಳನ್ನು ಇಲ್ಲಿ ಈಗಲೂ ಹೇಳುತ್ತಾರೆ. ಆದರೆ ಕ್ರೂರಿಗಳನ್ನು ಹಾಕಬಾರದು ಅಂತ ನಿಯಮ ಇದ್ದರೆ ಈ ಕ್ಯಾಲೆಂಡರಿನಲ್ಲಿ ಅರ್ಧಕ್ಕರ್ಧ ಬೊಟ್ಟು ಅಳಿಸಬೇಕಾಗುತ್ತದೆ.

ತಾರೀಕಿನ ಮಾತು ಬಿಡಿ. ಹನ್ನೆರಡು ಫೋಟೊದಲ್ಲಿ ಒಂದಾದರೂ ಕೊಡಗಿನದು ಹಾಕಬಹುದಿತ್ತು. ನಮ್ಮಲ್ಲಿ ಸಾವಿಗೆ ಬೇಕಾದರೆ ಮಡಿಕೇರಿಯ ಗದ್ದುಗೆ ಇದೆ, ಅಂದರೆ ರಾಜರ ಸಮಾಧಿ. 1809ರಲ್ಲಿ ತೀರಿಕೊಂಡ ದೊಡ್ಡವೀರರಾಜೇಂದ್ರ, ಪಕ್ಕದಲ್ಲೇ ರಾಣಿ ಮಹಾದೇವಮ್ಮಾಜಿ. ಬಲಕ್ಕೆ 1820ರಲ್ಲಿ ಹೋದ ಲಿಂಗರಾಜೇಂದ್ರ. ಮೇಲೆ ಗುಮ್ಮಟ, ಮೂಲೆಗೆ ಮಿನಾರು, ದೂರದಿಂದ ನೋಡಿದವರು ಮಸೀದಿ ಅಂದುಕೊಳ್ಳುತ್ತಾರೆ. ಒಳಗೆ ಹೋದರೆ ಲಿಂಗ. ಮದುವೆಗೆ ಬೇಕಾದರೆ ನಮ್ಮ ನಾಲ್ಕುನಾಡು ಅರಮನೆ ಇದೆ. 1796ರಲ್ಲಿ ಅದೇ ದೊಡ್ಡವೀರರಾಜೇಂದ್ರ, ಅದೇ ಮಹಾದೇವಮ್ಮಾಜಿ. ಮುಂದೆ ಒಂದು ಪುಟ್ಟ ಮಂಟಪ ಇದೆ, ನಾಲ್ಕು ಜನ ನಿಂತರೆ ತುಂಬಿಹೋಗುತ್ತದೆ. ಮದುವೆಯ ಮಂಟಪ ಅಂತ ಅದನ್ನೇ ತೋರಿಸುತ್ತಾರೆ. ನಾನು ಪ್ರತಿ ಸಲ ಅಲ್ಲಿ ನಿಂತಾಗ ಯೋಚನೆ ಮಾಡುವುದು ಒಂದೇ: ಊಟ ಎಲ್ಲಿ ಬಡಿಸಿದರು?

ಇನ್ನು ವಸ್ತುವಿನ ಗುಣಮಟ್ಟ. ಇದನ್ನು ಮಾಡಿದವರಿಗೆ ನಮ್ಮ ಮಳೆಗಾಲ ಗೊತ್ತಿಲ್ಲ. ಕಾಗದ ನುಣುಪು, ಹೊಳೆಯುತ್ತದೆ, ಅದೇ ತೊಂದರೆ. ಹತ್ತು ದಿನಕ್ಕೆ ತುದಿ ಸುರುಳಿ ಸುತ್ತಿತು. ಹದಿನೈದಕ್ಕೆ ಹಿಂದುಗಡೆ ಬೂಸ್ಟು. ತಂತಿ ತುಕ್ಕು ಹಿಡಿದು ಆಗಸ್ಟ್ ಹಾಳೆಗೆ ಕಂದು ಗೆರೆ ಬಿದ್ದಿದೆ. ಬಾಲ್ ಪೆನ್ ಹಿಡಿಯುವುದೇ ಇಲ್ಲ. ಕ್ಯಾಲೆಂಡರ್ ಅಂದ ಮೇಲೆ ಅದರ ಮೇಲೆ ಬರೆಯಬೇಕಲ್ಲ? ಹಾಲಿನ ಲೆಕ್ಕ, ಗ್ಯಾಸ್ ತಂದ ದಿನ, ತೋಟದ ಆಳುಗಳ ಲೆಕ್ಕ. ಕೊನೆಗೆ ಮೃದುವಾದ ಪೆನ್ಸಿಲ್ ತಂದೆ, ಅದು ಪರವಾಗಿಲ್ಲ.

ಹಬ್ಬ ಯಾವುದೂ ಇಲ್ಲ ಅನ್ನುವುದು ಅತ್ತೆಯ ದೂರು. ಕೈಲ್ ಮುಹೂರ್ತ ಇಲ್ಲ, ಕಾವೇರಿ ಸಂಕ್ರಮಣ ಇಲ್ಲ, ಹುತ್ತರಿ ಇಲ್ಲ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು ಬರುತ್ತದೆ, ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಅಲ್ಲಿ ನೋಡಿದರೆ ಕಪ್ಪು ಬೊಟ್ಟು: ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡ ದಿನ, 1940. ಇದನ್ನು ಸರಿಯಾಗಿ ಹಾಕಿದ್ದಾರೆ. ಅತ್ತೆ ಸೊಪ್ಪು ಬೇಯಿಸಿ ನೀರು ಬಸಿಯುತ್ತಾ, "ಒಳ್ಳೆ ರಾಜ. ಪಾಯಸ ಮಾಡಬಹುದೋ ಬೇಡವೋ?" ಅಂದರು. ಮಾಡಿದೆವು. ನೇರಳೆ ಬಣ್ಣ ಈ ಸಲ ಚೆನ್ನಾಗಿ ಬಂದಿತ್ತು.

ಅಂಗಡಿಗೆ ಮೇಲ್ ಬರೆದೆ. ನಾಲ್ವಡಿಯವರ ತಾರೀಕು ತಪ್ಪಾಗಿದೆ, ಗೌರಮ್ಮನದು ಬಿಟ್ಟುಹೋಗಿದೆ, ಅವಳ ಅಪ್ಪನದೂ ಇಲ್ಲ ಅಂತ ಎಲ್ಲ ಬರೆದು ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು. 'ನಿಮ್ಮ ಸಲಹೆಗೆ ಧನ್ಯವಾದಗಳು' ಅಂತ ಒಂದು ಸಾಲು, ಜೊತೆಗೆ ಮುಂದಿನ ವರ್ಷದ ಕ್ಯಾಲೆಂಡರಿಗೆ ಹತ್ತು ಪರ್ಸೆಂಟ್ ಕೂಪನ್. ಸಲಹೆ ಅಲ್ಲ ಮಾರಾಯ್ರೇ, ತಪ್ಪು ಅಂತ ಇನ್ನೊಂದು ಮೇಲ್ ಹಾಕಿದ್ದೇನೆ. ಅದಕ್ಕೆ ಇನ್ನೂ ಉತ್ತರ ಇಲ್ಲ.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಒಂದು ಕಿತ್ತಿದ್ದು ತಪ್ಪಿಗೆ, ಇನ್ನೊಂದು ಕಾಗದಕ್ಕೆ. ಬೆಂಗಳೂರಿನ ಒಣ ಗೋಡೆಯಲ್ಲಿ, ಇತಿಹಾಸದ ಹುಚ್ಚಿರುವ ಮಕ್ಕಳಿರುವ ಮನೆಯಲ್ಲಿ ಇದು ಚೆನ್ನಾಗಿ ಓಡುತ್ತದೆ. 499 ಕೊಡಬೇಡಿ, ಜೂನ್‌ವರೆಗೆ ಕಾಯಿರಿ. ಕೊಡಗಿನವರು ತರಿಸಿದರೆ ಗಾಜಿನ ಫ್ರೇಮಿನೊಳಗೆ ಹಾಕಿ, ಇಲ್ಲವೇ ಒಲೆ ಹತ್ತಿರದ ಗೋಡೆಗೆ ತೂಗುಹಾಕಿ. ಪಂಚಾಂಗದ ಕ್ಯಾಲೆಂಡರ್ ಬೇರೆ ಇರಲೇಬೇಕು. ನಮ್ಮನೆಯಲ್ಲಿ ಈಗ ಎರಡೂ ಅಕ್ಕಪಕ್ಕ ಇವೆ.

ಜುಲೈ 4ರ ಚೌಕದಲ್ಲಿ ನಾಲ್ವಡಿಯವರ ಹೆಸರಿಗೆ ಅಡ್ಡ ಗೆರೆ ಎಳೆದು, ಪೆನ್ಸಿಲಿನಲ್ಲಿ 'ಗೌರಮ್ಮ, 1841' ಎಂದು ಬರೆದಿದ್ದೆ. ಮೊನ್ನೆ ಹಾಳೆ ಹಿಂದಕ್ಕೆ ತಿರುಗಿಸಿದರೆ ಅದರ ಕೆಳಗೆ ಅತ್ತೆಯ ಅಕ್ಷರ. 'ಹಾಲು ಎರಡು ಲೀಟರ್, ಮೈಸೂರಿನವರಿಗೆ ಅರ್ಧ ಜಾಸ್ತಿ.'