ಆಟಗಾರರು ಬರೆದ ಮಕ್ಕಳ ಕಾದಂಬರಿ: ಜೀಟರ್, ರಿಪ್ಕೆನ್, ಗ್ರೀನ್, ಕರೀಂ

ಅಮೆರಿಕದಲ್ಲಿ ದೊಡ್ಡ ಆಟಗಾರರು ಮಕ್ಕಳಿಗೆ ಕಾದಂಬರಿ ಬರೆಯುವುದು ಮಾಮೂಲು. ಮುಖಪುಟದಲ್ಲಿ ಸಾಮಾನ್ಯವಾಗಿ ಅವರ ಜೊತೆ ಇನ್ನೊಬ್ಬ ಬರಹಗಾರರ ಹೆಸರೂ ಇರುತ್ತದೆ. ಇಲ್ಲಿನ ಲೈಬ್ರರಿಯಿಂದ ಅಂಥ ನಾಲ್ಕು ಪುಸ್ತಕ ತಂದು ಮಗಳೂ ನಾನೂ ಓದಿದೆವು. ನಾನು ನೋಡಿದ್ದು ಒಂದೇ: ಕಥೆಯ ಹುಡುಗ ನಿಜವಾಗಿಯೂ ಸೋಲಬಹುದಾ?

ಡೆರೆಕ್ ಜೀಟರ್ ಅವರು ಪಾಲ್ ಮ್ಯಾಂಟೆಲ್ ಜೊತೆ ಬರೆದ ‘ದ ಕಾಂಟ್ರ್ಯಾಕ್ಟ್’ 2014ರಲ್ಲಿ ಬಂತು, ಅವರು ಬೇಸ್‌ಬಾಲ್‌ನಿಂದ ನಿವೃತ್ತರಾದ ವರ್ಷವೇ. ಕಥೆಯ ಹುಡುಗನ ಹೆಸರೂ ಡೆರೆಕ್. ನ್ಯೂಯಾರ್ಕಿನ ಯಾಂಕೀಸ್ ತಂಡದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಆಗ್ತೀನಿ ಎಂದಾಗ ಕ್ಲಾಸೇ ನಗುತ್ತದೆ. ಅವನ ಪುಟ್ಟ ತಂಡದಲ್ಲೂ ಆ ಜಾಗ ಕೋಚ್‌ನ ಮಗನ ಪಾಲಾಗುತ್ತದೆ. ಈ ಭಾಗ ಓದುವಾಗ ಮಗಳಿಗೆ ಸಿಟ್ಟೇ ಬಂತು, ಅಷ್ಟು ಚೆನ್ನಾಗಿದೆ. ಆದರೆ ಜೀಟರ್ ನಿಜಕ್ಕೂ ಯಾಂಕೀಸ್‌ನ ಶಾರ್ಟ್‌ಸ್ಟಾಪ್ ಆದವರು, ಹುಡುಗ ಮುಂದೆ ಏನಾಗುತ್ತಾನೆ ಅನ್ನುವುದು ಮುಖಪುಟದಲ್ಲೇ ಗೊತ್ತಾಗಿಬಿಡುತ್ತದೆ, ಅಲ್ವಾ? ಅಪ್ಪ ಅಮ್ಮ ಅವನಿಂದ ಸಹಿ ಹಾಕಿಸುವ ಒಪ್ಪಂದ ಬಂದ ಮೇಲಂತೂ ಪಾಠ ಜಾಸ್ತಿ, ಕಥೆ ಕಡಿಮೆ.

ಕ್ಯಾಲ್ ರಿಪ್ಕೆನ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಬೇಸ್‌ಬಾಲ್‌ನಲ್ಲಿ ಸತತ 2,632 ಪಂದ್ಯ ಆಡಿದ ಮನುಷ್ಯ ಅವರು. ಕೆವಿನ್ ಕೌಹರ್ಡ್ ಜೊತೆ ಬರೆದ ‘ಹಾಟ್‌ಹೆಡ್’ನಲ್ಲಿ (2011) ತಮ್ಮ ಕಥೆ ಹೇಳದೆ, ಕಾನರ್ ಎಂಬ ಮುಂಗೋಪಿ ಹುಡುಗನನ್ನು ತಂದಿದ್ದಾರೆ. ಅಪ್ಪನ ಕೆಲಸ ಹೋಗಿದೆ. ಮನೆಯ ಆ ಚಿಂತೆಯೆಲ್ಲ ಮೈದಾನದಲ್ಲಿ ಸಿಟ್ಟಾಗಿ ಹೊರಬರುತ್ತದೆ. ಇದು ನಿಜ ಅನ್ನಿಸುತ್ತದೆ. ಕೊನೆ ಮಾತ್ರ ತೀರಾ ಸಲೀಸು.

ಟಿಮ್ ಗ್ರೀನ್ ಅವರ ‘ಫುಟ್‌ಬಾಲ್ ಜೀನಿಯಸ್’ (2007) ಓದಿಸಿಕೊಂಡು ಹೋಗುತ್ತದೆ. ಮುಖಪುಟದ ಮೇಲೆ ಅವರ ಹೆಸರೊಂದೇ. ತಾವು ಆಡಿದ ಅಮೆರಿಕನ್ ಫುಟ್‌ಬಾಲ್ ತಂಡ ಅಟ್ಲಾಂಟಾ ಫಾಲ್ಕನ್ಸ್ ಅನ್ನೇ ಕಥೆಗೆ ತಂದಿದ್ದಾರೆ. ಎದುರು ತಂಡ ಮುಂದೆ ಏನು ಮಾಡುತ್ತದೆ ಎಂದು ಟ್ರಾಯ್ ಎಂಬ ಹುಡುಗ ಮೊದಲೇ ಹೇಳಬಲ್ಲ. ಆಟದ ಒಳಗಿನ ಲೆಕ್ಕಾಚಾರ ಸೊಗಸಾಗಿದೆ. ಟ್ರಾಯ್‌ನ ಮನಸ್ಸು ಅಷ್ಟಾಗಿ ಸಿಗುವುದಿಲ್ಲ.

ನಮ್ಮಿಬ್ಬರಿಗೂ ತುಂಬಾ ಹಿಡಿಸಿದ್ದು ಬಾಸ್ಕೆಟ್‌ಬಾಲ್ ಆಟಗಾರ ಕರೀಂ ಅಬ್ದುಲ್-ಜಬ್ಬಾರ್ ಮತ್ತು ರೇಮಂಡ್ ಆಬ್ಸ್‌ಫೆಲ್ಡ್ ಬರೆದ ‘ಸ್ಯಾಸ್ಕ್ವಾಚ್ ಇನ್ ದ ಪೇಂಟ್’ (2013). ಹದಿಮೂರರ ಥಿಯೋ ಬೇಸಿಗೆ ರಜೆಯಲ್ಲಿ ಆರು ಇಂಚು ಬೆಳೆದುಬಿಡುತ್ತಾನೆ. ಇಷ್ಟು ಎತ್ತರ ಇದ್ದಾನೆ, ಬಾಸ್ಕೆಟ್‌ಬಾಲ್ ಬಂದೇ ಬರುತ್ತೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಅವನಿಗೋ ಆಟ ಸರಿಯಾಗಿ ಬರಲ್ಲ. ಮನಸ್ಸೆಲ್ಲ ಶಾಲೆಯ ಕ್ವಿಜ್ ತಂಡದ ಮೇಲೆ. ಹೊಸ ಕೈಕಾಲು ಅವನ ಮಾತೇ ಕೇಳುವುದಿಲ್ಲ. ಕರೀಂ ಸ್ವತಃ 7 ಅಡಿ 2 ಇಂಚಿನವರು. ಎತ್ತರದ ಮೈಯಲ್ಲಿ ಬದುಕುವುದು ಹೇಗಿರುತ್ತದೆ ಎಂದು ಬಲ್ಲವರು. ಆ ಅನುಭವವನ್ನಷ್ಟೇ ಹುಡುಗನಿಗೆ ಕೊಟ್ಟಿದ್ದಾರೆ, ಎನ್‌ಬಿಎ (ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್) ಗೆದ್ದ ತಮ್ಮ ಆರು ಪ್ರಶಸ್ತಿಗಳನ್ನು ಕೊಟ್ಟಿಲ್ಲ. ಹಾಗಾಗಿ ಥಿಯೋ ಪ್ರತಿ ಸಲ ಚೆಂಡು ಹಿಡಿದಾಗಲೂ ನಮಗೆ ಆತಂಕ. ಖ್ಯಾತ ಆಟಗಾರರಿಂದ ನಾನು ಬಯಸುವುದು ಇದನ್ನೇ. ಅವರಿಗೆ ಮಾತ್ರ ಗೊತ್ತಿರುವ ಒಂದು ಕಷ್ಟ ಇರುತ್ತದಲ್ಲ, ಅದು ಕಥೆಗೆ ಬರಬೇಕು.

ಎಂಟೊಂಬತ್ತು ವರ್ಷದ ಮಕ್ಕಳಿಗೆ ಜೀಟರ್ ಪುಸ್ತಕವೇ ಸುಲಭ, ಅದನ್ನೇ ಕೊಡಿ. ಹತ್ತು ದಾಟಿದವರಿಗೆ, ಅದರಲ್ಲೂ ಆಟ ಅಂದ್ರೆ ದೂರ ಓಡುವವರಿಗೆ, ಕರೀಂ. ಇಷ್ಟವಾದರೆ ಇದರ ಮುಂದಿನ ಪುಸ್ತಕ ‘ಸ್ಟೀಲಿಂಗ್ ದ ಗೇಮ್’ ಕೂಡ ಇದೆ.