ಹಳೆಯ ಕೆಎನ್‌ಎಕ್ಸ್ ವೈರಿಂಗ್‌ಗೆ ವೈಫೈ ಜೋಡಿಸುವ ಮುನ್ನ ಎಚ್ಚರಿಕೆ

ಪುಣೆಯ ಬಾಣೇರಿನಲ್ಲಿರುವ ನಮ್ಮ ಫ್ಲ್ಯಾಟಿಗೆ ಹಿಂದಿನ ಮಾಲೀಕರು ಕೆಎನ್‌ಎಕ್ಸ್ ವ್ಯವಸ್ಥೆಯನ್ನು, ಎಂದರೆ ದೀಪ, ಕಿಟಕಿ ಪರದೆಗಳನ್ನು ಸಂಕೇತಗಳಿಂದ ನಡೆಸುವ ವೈರಿಂಗನ್ನು, ಹಾಕಿಸಿದ್ದರು. ಅದನ್ನು ಮೊಬೈಲಿನಿಂದಲೂ ನಡೆಸುವಂತೆ ಮಾಡಿಕೊಡುತ್ತೇವೆ ಎಂದು ಬಂದ ಸಂಸ್ಥೆಯೊಂದು, ಗೋಡೆಯೊಳಗಿನ ಸಂಕೇತದ ಕೇಬಲ್ಲಿನಲ್ಲಿ 230 ವೋಲ್ಟ್ ಹರಿಸಿ ಹೋಯಿತು. ಗಣೇಶ ಚತುರ್ಥಿಗೆ ಮುಂಚೆ ಬಣ್ಣ ಬಳಿಯಲು ಬಂದ ಹುಡುಗನು ಮಲಗುವ ಕೋಣೆಯ ಎಂಸಿಬಿಯನ್ನು (ಆ ಭಾಗದ ವಿದ್ಯುತ್ ಕಡಿಯುವ ಸ್ವಿಚ್ಚನ್ನು) ಆಫ್ ಮಾಡಿಯೇ ಸ್ವಿಚ್ಚಿನ ಫಲಕವನ್ನು ಬಿಚ್ಚಿದ್ದನು. ಆದರೂ ಅವನಿಗೆ ಶಾಕ್ ಹೊಡೆಯಿತು. ಸೋರಿಕೆ ವಿದ್ಯುತ್ತನ್ನು ಗುರುತಿಸಿ ಕಡಿಯುವ ಆರ್‌ಸಿಸಿಬಿ ತಕ್ಷಣ ಟ್ರಿಪ್ ಆದುದರಿಂದ ಜೀವ ಉಳಿಯಿತು. ಇಂತಹ ವೈರಿಂಗ್ ಇರುವ ಮನೆಗಳಲ್ಲಿ ವಾಸಿಸುವ ಇಲ್ಲಿನ ಮತ್ತು ಮುಂಬಯಿಯ ಕನ್ನಡಿಗರು ದಯವಿಟ್ಟು ಇದನ್ನು ಓದಬೇಕು.

ಸಾಮಾನ್ಯ ಮನೆಗಳಲ್ಲಿ ಸ್ವಿಚ್‌ಬೋರ್ಡಿನವರೆಗೂ ಫೇಸ್ ವೈರ್ ಬರುತ್ತದೆ. ಕೆಎನ್‌ಎಕ್ಸ್ ಮನೆಯಲ್ಲಿ ಹಾಗಲ್ಲ. ಗೋಡೆಯ ಬಟನ್ನಿನ ಹಿಂದೆ ಇರುವುದು ಹಸಿರು ಹೊದಿಕೆಯ ತೆಳುವಾದ ಕೇಬಲ್ ಮಾತ್ರ. ಅದರ ಕೆಂಪು-ಕಪ್ಪು ಜೋಡಿಯಲ್ಲಿ ಸುಮಾರು 30 ವೋಲ್ಟ್ ಡಿಸಿ ಹಾಗೂ ಸೆಕೆಂಡಿಗೆ 9600 ಬಿಟ್ ವೇಗದ ಸಂಕೇತಗಳು ಹರಿಯುತ್ತವೆ. ದೀಪವನ್ನು ನಿಜವಾಗಿ ಹೊತ್ತಿಸುವ ರಿಲೇಗಳು (ಸಂಕೇತದಿಂದ ನಡೆಯುವ ಸ್ವಿಚ್ಚುಗಳು) ಡಿಬಿಯಲ್ಲಿ, ಎಂದರೆ ಎಂಸಿಬಿಗಳಿರುವ ಮುಖ್ಯ ಪೆಟ್ಟಿಗೆಯಲ್ಲಿ, ಇರುತ್ತವೆ. ಕೇಬಲ್ಲಿನಲ್ಲಿರುವ ಇನ್ನೊಂದು ಜೋಡಿ, ಹಳದಿ-ಬಿಳಿ, ಹೆಚ್ಚಿನ ಮನೆಗಳಲ್ಲಿ ಯಾವ ಉಪಯೋಗವೂ ಇಲ್ಲದೆ ಖಾಲಿ ಉಳಿದಿರುತ್ತದೆ. ಆ ವೈರಿನ ವ್ಯಾಸ 0.8 ಮಿಲಿಮೀಟರ್, ಎಂದರೆ ಸುಮಾರು ಅರ್ಧ ಚದರ ಮಿಲಿಮೀಟರ್; ದೀಪಗಳ ವೈರಿಂಗ್‌ಗೆ ನಾವು ಸಾಮಾನ್ಯವಾಗಿ ಬಳಸುವುದು ಒಂದೂವರೆ ಚದರ ಮಿಲಿಮೀಟರ್.

ಆ ಸಂಸ್ಥೆಯವರು ಎರಡು ಕೋಣೆಗಳ ಬಟನ್‌ಗಳನ್ನು ಕಿತ್ತು ವೈಫೈ ಟಚ್ ಪ್ಯಾನೆಲ್ ಕೂರಿಸಿದರು. ಪ್ಯಾನೆಲ್ಲಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಬೇಕು, ಬಟನ್ನಿನ ಹಿಂದಿನ ಪೆಟ್ಟಿಗೆಯಲ್ಲಿ ಎರಡೂ ಇರಲಿಲ್ಲ. ಹೊಸ ವೈರ್ ಎಳೆಯದೆ ಇದು ಸಾಧ್ಯವಿಲ್ಲ ಎಂದು ಹೇಳುವುದು ಅವರ ಕರ್ತವ್ಯವಾಗಿತ್ತು. ಹೇಳಲಿಲ್ಲ, ಡಿಬಿಯಲ್ಲಿ ನಡುಮನೆಯ ದೀಪಗಳ ಸರ್ಕ್ಯೂಟಿನಿಂದ ಫೇಸ್, ನ್ಯೂಟ್ರಲ್ ತೆಗೆದು ಖಾಲಿ ಇದ್ದ ಹಳದಿ-ಬಿಳಿ ಜೋಡಿಗೆ ಸೇರಿಸಿದರು. ಆ ಕೇಬಲ್ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾದು ಹೋಗುವುದರಿಂದ, ಮತ್ತು ಮೊದಲು ಕೆಲಸ ಮಾಡಿದವರು ಖಾಲಿ ಜೋಡಿಯನ್ನೂ ಉದ್ದಕ್ಕೂ ಜೋಡಿಸಿಟ್ಟಿದ್ದುದರಿಂದ, ಮನೆಯ ಪ್ರತಿಯೊಂದು ಬಟನ್ನಿನ ಹಿಂದೆಯೂ ಬರಿ ತುದಿಯ ಫೇಸ್ ವೈರ್ ಬಂದು ನಿಂತಿತು. ಮಲಗುವ ಕೋಣೆಯ ಎಂಸಿಬಿ ಇಳಿಸಿದರೂ ವಿದ್ಯುತ್ ನಿಲ್ಲದಿರಲು ಇದೇ ಕಾರಣ. ಇಷ್ಟೇ ಅಲ್ಲ, ಆ ಸರ್ಕ್ಯೂಟಿನ 10 ಆಂಪಿಯರ್ ಎಂಸಿಬಿ ಕಾಯುವುದು ದಪ್ಪ ವೈರನ್ನು; ಈ ತೆಳು ವೈರಿನಲ್ಲಿ ಎಲ್ಲಾದರೂ ದೋಷ ಕಾಣಿಸಿಕೊಂಡರೆ ಎಂಸಿಬಿ ಬೀಳುವಷ್ಟರಲ್ಲಿ ವೈರ್ ಕಾದಿರುತ್ತದೆ. ವಯಸ್ಸಾದವರೂ ಮಕ್ಕಳೂ ಇರುವ ಮನೆಯಲ್ಲಿ ಇದನ್ನು ಮಾಡಿ, ಬಿಲ್ ಕೊಟ್ಟು ಹೋದವರನ್ನು ನಾನು ಕ್ಷಮಿಸಲಾರೆ.

ಎರಡನೆಯ ಹಾನಿ ಕಣ್ಣಿಗೆ ಕಾಣದಂಥದು. ಯಾವ ಬಟನ್ ಯಾವ ದೀಪಕ್ಕೆ, ಯಾವ ಪರದೆಗೆ ಎಂಬ ವಿವರವೆಲ್ಲ ಈಟಿಎಸ್ ಎಂಬ ತಂತ್ರಾಂಶದ ಪ್ರಾಜೆಕ್ಟ್ ಫೈಲಿನಲ್ಲಿರುತ್ತದೆ. ಉಪಕರಣಗಳಿಂದ ಅದನ್ನು ಮರಳಿ ಓದಿಕೊಳ್ಳುವುದು ಭಾಗಶಃ ಮಾತ್ರ ಸಾಧ್ಯ, ಹೆಸರುಗಳಂತೂ ಸಿಗುವುದೇ ಇಲ್ಲ. ಇವರು ಆ ಫೈಲನ್ನು ಕೇಳಲೇ ಇಲ್ಲ. ಹೊಸ ಪ್ರಾಜೆಕ್ಟ್ ತೆರೆದು ಹಳೆಯ ಉಪಕರಣಗಳ ಮೇಲೆ ಡೌನ್‌ಲೋಡ್ ಮಾಡಿದರು. ಬಾಲ್ಕನಿಯ ದೀಪಗಳೂ ಪರದೆಗಳೂ ಅಲ್ಲಿಗೆ ನಿಂತವು. ಹಿಂದಿನ ಮಾಲೀಕರು ಫೈಲಿನ ಪ್ರತಿಯನ್ನು ಇಟ್ಟುಕೊಂಡಿದ್ದು ನಮ್ಮ ಪುಣ್ಯ. ಹಳೆಯ ಮನೆ ಕೊಳ್ಳುವವರು ಬೀಗದ ಕೈಯೊಂದಿಗೆ ಆ ಫೈಲನ್ನೂ ಕೇಳಿ ಪಡೆಯಬೇಕು.

ಈ ಹಳೆಯ ವೈರಿಂಗನ್ನು ಕಿತ್ತುಹಾಕುವ ಅಗತ್ಯವೇ ಇರಲಿಲ್ಲ ಎಂಬುದು ನನಗೆ ಹೆಚ್ಚು ನೋವು ತರುವ ಸಂಗತಿ. ಇಐಬಿ, ಬ್ಯಾಟಿಬಸ್, ಇಎಚ್‌ಎಸ್ ಎಂಬ ಯುರೋಪಿನ ಮೂರು ಒಕ್ಕೂಟಗಳು 1999ರಲ್ಲಿ ಒಂದಾಗಿ ರೂಪಿಸಿದ ಈ ವ್ಯವಸ್ಥೆಯಲ್ಲಿ, ಇಂದು ಕೊಂಡ ಉಪಕರಣವೂ ಹಳೆಯದರ ಜೊತೆ ಹೊಂದಿಕೊಂಡು ಕೆಲಸ ಮಾಡುತ್ತದೆ. ಕೊನೆಗೆ ಕೆಲಸವನ್ನು ಸರಿಪಡಿಸಿದ ತಂತ್ರಜ್ಞರು ಗೋಡೆಯ ಒಂದು ಬಟನ್ನನ್ನೂ ಬದಲಿಸಲಿಲ್ಲ. ಕಿತ್ತವನ್ನೂ ಮರಳಿ ಕೂರಿಸಿದರು. ಡಿಬಿಯೊಳಗೆ, ಹಸಿರು ಕೇಬಲ್ಲನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ಒಂದು ಐಪಿ ಇಂಟರ್‌ಫೇಸ್ ಹಾಕಿ, ಲ್ಯಾನ್ ಕೇಬಲ್ ಮೂಲಕ ರೂಟರಿಗೆ ಸೇರಿಸಿ, ಪುಟ್ಟ ಕಂಪ್ಯೂಟರೊಂದರಲ್ಲಿ ಮನೆಯ ಉಪಕರಣಗಳನ್ನು ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶವನ್ನು ನಡೆಸಿದರು. ಜಿಗ್‌ಬೀ ಆಗಲಿ, 2022ರಲ್ಲಿ ಬಂದ ಮ್ಯಾಟರ್ ಆಗಲಿ, ಆ ಮಾನದಂಡಗಳ ವೈರ್‌ಲೆಸ್ ಉಪಕರಣಗಳೆಲ್ಲ ಆ ಕಂಪ್ಯೂಟರಿಗೆ ಸೇರಿಕೊಳ್ಳುತ್ತವೆ, ಹಸಿರು ಕೇಬಲ್ಲಿನ ತಂಟೆಗೆ ಬರುವುದಿಲ್ಲ. ಮಳೆಗಾಲದಲ್ಲಿ ಇಂಟರ್ನೆಟ್ ಕೈಕೊಟ್ಟರೂ, ವೈಫೈ ಪೂರ್ತಿ ನಿಂತರೂ ಗೋಡೆಯ ಬಟನ್ ಒತ್ತಿದರೆ ದೀಪ ಹೊತ್ತುತ್ತದೆ.

ಮೊದಲು ಬಂದ ಸಂಸ್ಥೆಯವರು ರೂಟರಿನಲ್ಲಿ, ಕೆಎನ್‌ಎಕ್ಸ್ ಬಳಸುವ 3671 ಸಂಖ್ಯೆಯ ಯುಡಿಪಿ ಪೋರ್ಟನ್ನು (ನೆಟ್‌ವರ್ಕಿನ ಬಾಗಿಲನ್ನು) ಹೊರಜಗತ್ತಿಗೆ ತೆರೆದಿಟ್ಟಿದ್ದೂ ಆಗಲೇ ತಿಳಿಯಿತು. 2021ರಲ್ಲಿ ಜರ್ಮನಿಯ ಕಚೇರಿ ಕಟ್ಟಡವೊಂದರಲ್ಲಿ ಹೀಗೆಯೇ ತೆರೆದಿದ್ದ ಪೋರ್ಟಿನಿಂದ ಒಳನುಗ್ಗಿದವರು ನೂರಾರು ಕೆಎನ್‌ಎಕ್ಸ್ ಉಪಕರಣಗಳ ಸೆಟ್ಟಿಂಗ್ ಅಳಿಸಿ, ತಮ್ಮದೇ ಪಾಸ್‌ವರ್ಡ್ ಹಾಕಿ ಬೀಗ ಜಡಿದಿದ್ದರು. ಹೊರಗಿನಿಂದ ಮನೆಯನ್ನು ನೋಡಬೇಕಾದವರು ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಬಳಸಬಹುದು. ಇಂತಹ ಕೆಲಸವನ್ನು ಈಗಾಗಲೇ ಮಾಡಿಸಿರುವವರು ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಆ ಸಂಖ್ಯೆ ಇದೆಯೇ ಎಂದು ನೋಡಿ, ಇದ್ದರೆ ತೆಗೆದುಹಾಕಿ; ಮತ್ತು ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಮಲ್ಟಿಮೀಟರಿನಿಂದ ಹಳದಿ-ಬಿಳಿ ಜೋಡಿಯನ್ನು ಪರೀಕ್ಷಿಸಿ ನೋಡುವವರೆಗೆ ಯಾವ ಫಲಕವನ್ನೂ ಬಿಚ್ಚಲು ಯಾರಿಗೂ ಬಿಡಬೇಡಿ.