ಸಮೀಕರಣ ಬಿಡಿಸುವ ದಾರಿಗಳು: ಅಸಮತೆಯ ಎದುರು ಯಾವುದು ನಿಂತೀತು?

3ಕ್ಷ + 7 = 22 ಎಂಬ ಸಮೀಕರಣವನ್ನು ಯಾವ ದಾರಿಯಲ್ಲಿ ಬಿಡಿಸಿದರೂ ಕ್ಷ = 5 ಎಂದೇ ಬರುತ್ತದೆ. ಊಹಿಸಿದವರಿಗೂ ಅದೇ ಉತ್ತರ, ಸಾಲು ಸಾಲಾಗಿ ಬರೆದವರಿಗೂ ಅದೇ, ನಕ್ಷೆ ಎಳೆದವರಿಗೂ ಅದೇ. ಹೀಗಾಗಿ ದಾರಿಗಳ ನಡುವಿನ ತರತಮ ಕಣ್ಣಿಗೆ ಬೀಳುವುದೇ ಇಲ್ಲ. ಶಾಲೆ ಬಿಟ್ಟು ಬಹಳ ಕಾಲವಾದ ಮೇಲೆ ಬೀಜಗಣಿತವನ್ನು ಮೊದಲಿನಿಂದ ಕಲಿಯಲು ಕುಳಿತಾಗ, ಹಿಂದೆ ಕಲಿತಿದ್ದ ಮತ್ತು ಹೊಸದಾಗಿ ಓದಿ ತಿಳಿದ ವಿಧಾನಗಳನ್ನೆಲ್ಲ ಒಂದೇ ಬಗೆಯ ಲೆಕ್ಕಗಳ ಮೇಲೆ ಹೂಡಿ ನೋಡಿದೆ. ಕ್ಷ ಒಂದೇ ಬದಿಯಲ್ಲಿರುವ ಸಮೀಕರಣ, ಎರಡೂ ಬದಿಯಲ್ಲಿರುವುದು, ಭಿನ್ನರಾಶಿ ಇರುವುದು, ಕೊನೆಗೆ ಅಸಮತೆ, ಅಂದರೆ = ಬದಲು < ಅಥವಾ > ಇರುವ ಹೇಳಿಕೆ. ಮೊದಲ ಮೂರು ಕಡೆ ಬಹುತೇಕ ವಿಧಾನಗಳು ಹೇಗೋ ದಾಟಿಕೊಂಡವು. ಅಸಮತೆ ಮಾತ್ರ ಯಾವುದಕ್ಕೂ ದಾಕ್ಷಿಣ್ಯ ತೋರಲಿಲ್ಲ.

ಊಹಿಸಿ ತಾಳೆ ನೋಡುವ ಕ್ರಮದಿಂದಲೇ ಆರಂಭಿಸುತ್ತೇನೆ. ಕ್ಷ ಇರುವಲ್ಲಿ 1 ಇಡುವುದು, 2 ಇಡುವುದು, ಎರಡೂ ಭಾಗ ಸಮವಾಗುವವರೆಗೆ ಮುಂದುವರಿಯುವುದು. ಇದನ್ನು ಕುರುಡಾಟ ಎಂದು ಹೀಗಳೆಯುವವರಿದ್ದಾರೆ. ನಾನು ಆ ಗುಂಪಿಗೆ ಸೇರುವುದಿಲ್ಲ. ಸಮೀಕರಣ ಬಿಡಿಸುವುದೆಂದರೇನು ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ವಿಧಾನ ಇನ್ನೊಂದಿಲ್ಲ: ಈ ಹೇಳಿಕೆಯನ್ನು ನಿಜವಾಗಿಸುವ ಸಂಖ್ಯೆ ಯಾವುದು ಎಂಬುದಷ್ಟೇ ಪ್ರಶ್ನೆ. ನಿಯಮಗಳನ್ನು ಬಾಯಿಪಾಠ ಮಾಡಿ ಹತ್ತು ಸಾಲು ಬರೆದು ಉತ್ತರ ತೆಗೆಯುವ ಎಷ್ಟೋ ಮಂದಿಗೆ, ಆ ಉತ್ತರವನ್ನು ಮೂಲ ಸಮೀಕರಣದಲ್ಲಿಟ್ಟು ನೋಡಬಹುದು ಎಂಬುದೇ ಹೊಳೆಯುವುದಿಲ್ಲ. ಆದರೆ 4ಕ್ಷ = 17 ಎದುರಾದ ಕೂಡಲೇ ಊಹೆ ಸುಸ್ತಾಗುತ್ತದೆ. 4 ಕಡಿಮೆ, 5 ಹೆಚ್ಚು, ನಡುವೆ ಎಲ್ಲಿ? ತಡಕಾಡುತ್ತಲೇ 4.25ಕ್ಕೆ ತಲುಪುವ ತಾಳ್ಮೆ ನನಗಿಲ್ಲ.

ಊಹೆಯನ್ನೇ ಪಳಗಿಸಿದರೆ ಸಿಗುವುದು ಇಷ್ಟಕರ್ಮ. ಇಷ್ಟ ಬಂದ ಒಂದು ಸಂಖ್ಯೆಯನ್ನು ಹಿಡಿದು, ಬಂದ ಫಲವನ್ನು ನೋಡಿ, ಅನುಪಾತದಲ್ಲಿ ಸರಿಪಡಿಸಿಕೊಳ್ಳುವ ಉಪಾಯ. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಗಣಿತದ ಹಸ್ತಪ್ರತಿ ರಿಂಡ್ ಪಪೈರಸ್‌ನಲ್ಲಿ ಇಂಥದೊಂದು ಲೆಕ್ಕವಿದೆ: ಒಂದು ರಾಶಿಗೆ ಅದರ ಕಾಲುಭಾಗವನ್ನು ಸೇರಿಸಿದರೆ 15 ಆಗುತ್ತದೆ, ರಾಶಿ ಎಷ್ಟು? 4 ಎಂದು ಹಿಡಿಯಿರಿ. 4ಕ್ಕೆ 1 ಸೇರಿ 5. ಬೇಕಾದದ್ದು 15, ಅಂದರೆ ಮೂರು ಪಟ್ಟು. ಆದ್ದರಿಂದ ರಾಶಿ 12. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರೂ ಈ ಕ್ರಮವನ್ನು ವಿವರಿಸಿದ್ದಾರೆ. ಕಾಗದವಿಲ್ಲದೆ ಮನಸ್ಸಿನಲ್ಲೇ ಮುಗಿಯುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಆದರೆ 3ಕ್ಷ + 7 ಎಂದು ಒಂದು ಬಿಡಿ ಸಂಖ್ಯೆ ಸೇರಿಕೊಂಡರೆ ಅನುಪಾತ ಕೆಡುತ್ತದೆ. ಆಗ ಒಂದರ ಬದಲು ಎರಡು ಊಹೆ ಬೇಕು. 7ಕ್ಷ − 5 = 3ಕ್ಷ + 19 ತೆಗೆದುಕೊಳ್ಳಿ. ಕ್ಷ = 4 ಎಂದರೆ ಎಡಭಾಗ 23, ಬಲಭಾಗ 31; ಎಡಕ್ಕೆ 8 ಕೊರತೆ. ಕ್ಷ = 10 ಎಂದರೆ 65 ಮತ್ತು 49; ಎಡಕ್ಕೆ 16 ಹೆಚ್ಚಳ. ಕ್ಷ ಆರು ಮನೆ ಮುಂದೆ ಹೋದಾಗ ವ್ಯತ್ಯಾಸ 24ರಷ್ಟು ಬದಲಾಯಿತು, ಅಂದರೆ ಒಂದು ಮನೆಗೆ 4. ಮೊದಲಿದ್ದ 8ರ ಕೊರತೆ ತುಂಬಲು 4ರಿಂದ ಎರಡು ಮನೆ ಮುಂದೆ ಹೋಗಬೇಕು. ಉತ್ತರ 6. ಸಮೀಕರಣವನ್ನು ಮುಟ್ಟದೆಯೇ ಉತ್ತರ ಕೈಗೆ ಬಂದಾಗ ನನಗೆ ಆದ ಖುಷಿಯನ್ನು ಇಲ್ಲಿ ದಾಖಲಿಸಲೇಬೇಕು. ಕ್ಷ² ಬಂದರೆ ಮಾತ್ರ ಇದು ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಪ್ರತಿ ಮನೆಗೂ ಬದಲಾವಣೆ ಒಂದೇ ಆಗಿರುವುದಿಲ್ಲ.

ಮೂರನೆಯದು ವಿಲೋಮ ಕ್ರಮ, ಕೊನೆಯಿಂದ ಮೊದಲಿಗೆ ಬರುವುದು. ಗುಣಿಸಿದ್ದನ್ನು ಭಾಗಿಸು, ಭಾಗಿಸಿದ್ದನ್ನು ಗುಣಿಸು, ಕೂಡಿಸಿದ್ದನ್ನು ಕಳೆ, ಕಳೆದದ್ದನ್ನು ಕೂಡಿಸು ಎಂದು ಆರ್ಯಭಟ 499ರಲ್ಲೇ ಒಂದು ಪದ್ಯದಲ್ಲಿ ಅಡಕಮಾಡಿದ ನಿಯಮ ಇದು. ಒಂದು ಸಂಖ್ಯೆಯಿಂದ 3 ಕಳೆದು, 4ರಿಂದ ಗುಣಿಸಿ, 2 ಕೂಡಿಸಿ, 5ರಿಂದ ಭಾಗಿಸಿದರೆ 6 ಬಂತು ಎನ್ನಿ. ಹಿಂದಕ್ಕೆ ನಡೆದರೆ 30, 28, 7, 10. ಮುಗಿಯಿತು. ಇಂಥ ಲೆಕ್ಕದಲ್ಲಿ ಇದನ್ನು ಮೀರಿಸುವ ವಿಧಾನವನ್ನು ನಾನು ಕಂಡಿಲ್ಲ. ಆವರಣ ಬಿಡಿಸುವ ಗೋಜೂ ಇಲ್ಲ. ಆದರೆ ಕ್ಷ ಎರಡೂ ಬದಿಯಲ್ಲಿದ್ದರೆ ಹಿಂದಕ್ಕೆ ನಡೆಯಲು ಹಾದಿಯೇ ಇರುವುದಿಲ್ಲ. 7ಕ್ಷ − 5 = 3ಕ್ಷ + 19ರಲ್ಲಿ ಕೊನೆಯ ಫಲ ಯಾವುದೆಂದು ಹಿಡಿದು ಹೊರಡುವುದು?

ಶಾಲೆಗಳಲ್ಲಿ ಹೆಚ್ಚು ನಡೆಯುವ ಪೈಪೋಟಿ ಇನ್ನೆರಡರ ನಡುವೆ: ಪಕ್ಷಾಂತರ, ಮತ್ತು ಎರಡೂ ಬದಿಗೂ ಒಂದೇ ಕ್ರಿಯೆ ಮಾಡುವುದು. ಪಕ್ಷ ಬದಲಿಸಿದರೆ ಚಿಹ್ನೆಯೂ ಬದಲು ಎಂಬುದು ಮೊದಲನೆಯದರ ಮಂತ್ರ. 3ಕ್ಷ ಎಡಕ್ಕೆ ಬಂದು −3ಕ್ಷ ಆಗುತ್ತದೆ, −5 ಬಲಕ್ಕೆ ಹೋಗಿ +5 ಆಗುತ್ತದೆ, 4ಕ್ಷ = 24, ಕ್ಷ = 6. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಕೈ ಪಳಗಿದರೆ ಎರಡೇ ಸಾಲು. ಎರಡೂ ಬದಿಯ ಕ್ರಮದಲ್ಲಿ ಅದೇ ಲೆಕ್ಕಕ್ಕೆ ದುಪ್ಪಟ್ಟು ಬರವಣಿಗೆ: ಎರಡೂ ಕಡೆಯಿಂದ 3ಕ್ಷ ಕಳೆ, ಎರಡೂ ಕಡೆಗೆ 5 ಕೂಡಿಸು, ಎರಡನ್ನೂ 4ರಿಂದ ಭಾಗಿಸು. ಬರೆಯುತ್ತ ಬರೆಯುತ್ತ ಬೇಸರ ಬರುವುದು ಸಹಜ.

ಹಾಗಿದ್ದೂ ಕಲಿಯುವವರಿಗೆ ನಾನು ಹೇಳುವುದು ಈ ಬೇಸರದ ದಾರಿಯನ್ನೇ. ಪಕ್ಷಾಂತರದ ಮಂತ್ರದಲ್ಲಿ ಒಂದು ಮೋಸ ಅಡಗಿದೆ. ಕೂಡಿಸಿದ 7 ಬದಿ ದಾಟಿದಾಗ ಚಿಹ್ನೆ ಬದಲಾಗುತ್ತದೆ, ಆದರೆ ಗುಣಿಸಿದ −3 ದಾಟಿದಾಗ ಚಿಹ್ನೆ ಹಾಗೆಯೇ ಉಳಿದು ಭಾಗಾಕಾರವಾಗಿ ಇಳಿಯಬೇಕು. −3ಕ್ಷ = 12 ಎಂಬುದಕ್ಕೆ ಕ್ಷ = 4 ಎಂದು ಬರೆಯುವವರು ನಿಯಮವನ್ನು ಮರೆತವರಲ್ಲ; ನಿಯಮವನ್ನು ಅಕ್ಷರಶಃ ಪಾಲಿಸಿದವರು. ಚಿಹ್ನೆ ಬದಲಿಸು ಎಂದಿದ್ದರು, ಬದಲಿಸಿದರು. ಎರಡೂ ಬದಿಯನ್ನು −3ರಿಂದ ಭಾಗಿಸು ಎಂದು ಬರೆದವರಿಗೆ ಈ ಗೊಂದಲಕ್ಕೆ ಎಡೆಯೇ ಇಲ್ಲ; ಕ್ಷ = −4 ತಾನಾಗಿ ಬರುತ್ತದೆ. ಭಿನ್ನರಾಶಿಯಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಕ್ಷ/2 − (ಕ್ಷ − 1)/3 = 2 ಎಂಬಲ್ಲಿ ತುಂಡು ತುಂಡಾಗಿ ಪಕ್ಷಾಂತರ ಮಾಡಲು ಹೋದರೆ ಪುಟ ತುಂಬುತ್ತದೆ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) 6; ಎರಡೂ ಬದಿಯನ್ನು 6ರಿಂದ ಗುಣಿಸಿದರೆ 3ಕ್ಷ − 2(ಕ್ಷ − 1) = 12, ಅಂದರೆ ಕ್ಷ + 2 = 12, ಕ್ಷ = 10. ಆ −2 ಆವರಣದೊಳಗಿನ −1ಕ್ಕೂ ತಗಲುತ್ತದೆ ಎಂಬುದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಈ ಕ್ರಮಕ್ಕೂ ಒಂದು ಷರತ್ತು ಇದೆ: ಗುಣಿಸುವ, ಭಾಗಿಸುವ ಸಂಖ್ಯೆ ಸೊನ್ನೆಯಾಗಿರಬಾರದು. ಕ್ಷ² = 5ಕ್ಷ ಎಂಬುದರ ಎರಡೂ ಬದಿಯನ್ನು ಕ್ಷದಿಂದ ಭಾಗಿಸಿದರೆ ಕ್ಷ = 5 ಸಿಗುತ್ತದೆ, ಕ್ಷ = 0 ಎಂಬ ಇನ್ನೊಂದು ಉತ್ತರ ಸದ್ದಿಲ್ಲದೆ ಮಾಯವಾಗುತ್ತದೆ. ಎಲ್ಲವನ್ನೂ ಒಂದೇ ಬದಿಗೆ ತಂದು ಕ್ಷ(ಕ್ಷ − 5) = 0 ಎಂದು ಅಪವರ್ತಿಸಿದರೆ ಎರಡೂ ಉಳಿಯುತ್ತವೆ.

ಎರಡೂ ಬದಿಯ ಕ್ರಮವನ್ನು ಕಲಿಸಲು ತಕ್ಕಡಿಯ ಚಿತ್ರ ಬಳಸುವುದು ರೂಢಿ. ಆ ತಟ್ಟೆಯಿಂದ ತೆಗೆದಷ್ಟೇ ಈ ತಟ್ಟೆಯಿಂದಲೂ ತೆಗೆ. ಮೊದಲ ದಿನಕ್ಕೆ ಒಳ್ಳೆಯ ಚಿತ್ರ. ಆದರೆ ತಟ್ಟೆಯ ಮೇಲೆ −5 ಇಡುವುದು ಹೇಗೆ? ಎರಡೂ ತಟ್ಟೆಗಳನ್ನು −1ರಿಂದ ಗುಣಿಸುವುದೆಂದರೆ ಕಣ್ಣಿಗೆ ಏನು ಕಾಣಬೇಕು? ಚಿತ್ರವನ್ನು ಎಳೆದಾಡಿ ಉಳಿಸಿಕೊಳ್ಳುವುದಕ್ಕಿಂತ ಆ ಹಂತದಲ್ಲಿ ಕೈಬಿಟ್ಟು ಸಂಖ್ಯಾರೇಖೆಗೆ ಬರುವುದು ಮೇಲು. ಅಸಮತೆ ಕಲಿಯುವವರಂತೂ ಬರಲೇಬೇಕು.

ಈಗ ಅಸಮತೆ. ಸಮ ಚಿಹ್ನೆಯನ್ನು ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ಮುದ್ರಣಕ್ಕೆ ತಂದರೆ, < ಮತ್ತು > ಮುದ್ರಣದಲ್ಲಿ ಕಾಣಿಸಿಕೊಂಡದ್ದು 1631ರಲ್ಲಿ, ಅದೂ ಅವನ್ನು ಬಳಸಿದ ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ. ಪಠ್ಯಪುಸ್ತಕಗಳಲ್ಲೂ ಅಸಮತೆಗೆ ಇದೇ ಗತಿ: ಸಮೀಕರಣ ಮುಗಿದ ಬಹಳ ದಿನಗಳ ಮೇಲೆ, ಒಂದು ಬಾಲದ ಹಾಗೆ ಬರುತ್ತದೆ.

5 − 2ಕ್ಷ < 11 ಎಂಬುದರ ಮುಂದೆ ಎಲ್ಲ ವಿಧಾನಗಳನ್ನೂ ನಿಲ್ಲಿಸಿದೆ. ಊಹೆ ಇಲ್ಲಿ ಬೇರೆಯದೇ ಉಪಕಾರ ಮಾಡಿತು. 0 ಸರಿ, 1 ಸರಿ, 100 ಕೂಡ ಸರಿ, −2 ಸರಿ, −3 ತಪ್ಪು, −4 ತಪ್ಪು. ಉತ್ತರ ಒಂದು ಸಂಖ್ಯೆಯಲ್ಲ, ಸಂಖ್ಯಾರೇಖೆಯ ಒಂದು ಇಡೀ ಭಾಗ ಎಂಬುದು ಹೀಗೆ ಇಟ್ಟು ನೋಡಿದಾಗಲೇ ಮನಸ್ಸಿಗೆ ಇಳಿಯುವುದು. ಇಷ್ಟಕರ್ಮವೂ ವಿಲೋಮವೂ −3 ಎಂಬ ಗಡಿಯನ್ನು ತೋರಿಸಿ ನಿಂತವು. ಗಡಿಯ ಯಾವ ಬದಿ ಎಂದು ಹೇಳುವ ಶಕ್ತಿ ಅವಕ್ಕಿಲ್ಲ. ಪಕ್ಷಾಂತರ −2ಕ್ಷ < 6ರವರೆಗೆ ಸಲೀಸಾಗಿ ಬಂತು. ಮುಂದೆ ಋಣ ಸಂಖ್ಯೆಯಿಂದ ಭಾಗಿಸುವಾಗ < ಎಂಬುದು > ಆಗಬೇಕು ಎಂಬ ಇನ್ನೊಂದು ನಿಯಮ ತಲೆಹಾಕುತ್ತದೆ. ಯಾವ ಚಿಹ್ನೆ ಯಾವಾಗ ಬದಲಾಗುತ್ತದೆ ಎಂಬ ಲೆಕ್ಕದಲ್ಲಿ ಎರಡು ನಿಯಮಗಳು ಒಂದನ್ನೊಂದು ತುಳಿಯುವುದು ಇಲ್ಲಿಯೇ. ಕೆಲವರು 5ನ್ನು ಬದಿ ದಾಟಿಸುವಾಗಲೂ ಅಸಮತೆಯನ್ನು ತಿರುಗಿಸಿಬಿಡುತ್ತಾರೆ; ಚಿಹ್ನೆ ಬದಲಿಸು ಎಂದಷ್ಟೇ ಕೇಳಿಸಿಕೊಂಡವರಿಗೆ ಅದು ಸಹಜವೇ.

ತಿರುಗುವುದಕ್ಕೆ ಕಾರಣ ಗೊತ್ತಿದ್ದರೆ ಗೊಂದಲವಿಲ್ಲ. 2 < 5. ಎರಡನ್ನೂ −1ರಿಂದ ಗುಣಿಸಿದರೆ −2 ಮತ್ತು −5, ಇವುಗಳಲ್ಲಿ −2 ದೊಡ್ಡದು. ಸೊನ್ನೆಯ ಬಲಕ್ಕಿದ್ದವು ಎಡಕ್ಕೆ ಪ್ರತಿಬಿಂಬಿಸಿದಾಗ ಅವುಗಳ ಕ್ರಮ ತಲೆಕೆಳಗಾಗುತ್ತದೆ, ಅಷ್ಟೇ. ಕೂಡಿಸುವಾಗ, ಕಳೆಯುವಾಗ ಎರಡೂ ಸಂಖ್ಯೆಗಳು ಒಟ್ಟಿಗೆ ಒಂದೇ ದಿಕ್ಕಿಗೆ ಸರಿಯುತ್ತವೆ, ಕ್ರಮ ಕೆಡುವುದಿಲ್ಲ. ಈ ಕಾರಣವೂ ಬೇಡ ಎನ್ನುವವರಿಗೆ ಎರಡೂ ಬದಿಯ ಕ್ರಮದಲ್ಲೇ ಒಂದು ಒಳದಾರಿ ಇದೆ: ಎರಡೂ ಕಡೆಗೆ 2ಕ್ಷ ಕೂಡಿಸಿ. 5 < 11 + 2ಕ್ಷ, ಆಮೇಲೆ −6 < 2ಕ್ಷ, −3 < ಕ್ಷ. ಋಣ ಸಂಖ್ಯೆಯಿಂದ ಭಾಗಿಸುವ ಪ್ರಸಂಗವೇ ಬರಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಗಡಿ ಹುಡುಕಿ ಪರೀಕ್ಷಿಸುವ ವಿಧಾನ. ಅಸಮತೆಯ ಜಾಗದಲ್ಲಿ = ಇಟ್ಟು ಬಿಡಿಸಿ; ಸಿಕ್ಕ ಸಂಖ್ಯೆಗಳು ಗಡಿಗಳು. ಛೇದವನ್ನು ಸೊನ್ನೆಯಾಗಿಸುವ ಸಂಖ್ಯೆಗಳನ್ನೂ ಗಡಿಗಳೆಂದೇ ಎಣಿಸಿ. ಅವು ಸಂಖ್ಯಾರೇಖೆಯನ್ನು ತುಂಡು ಮಾಡುತ್ತವೆ. ಪ್ರತಿ ತುಂಡಿನಿಂದ ಒಂದೊಂದು ಸಂಖ್ಯೆಯನ್ನು ಮೂಲ ಅಸಮತೆಯಲ್ಲಿಟ್ಟು ನಿಜವೋ ಸುಳ್ಳೋ ನೋಡಿ. ಎರಡು ಬದಿಗಳ ನಡುವಿನ ವ್ಯತ್ಯಾಸ ಧನದಿಂದ ಋಣಕ್ಕೆ ಹೋಗಬೇಕಾದರೆ ಸೊನ್ನೆಯನ್ನು ದಾಟಬೇಕು, ಇಲ್ಲವೇ ಅರ್ಥವಿಲ್ಲದ ಜಾಗವನ್ನು ಹಾರಬೇಕು. ಆದ್ದರಿಂದ ಒಂದು ತುಂಡಿಗೆ ಒಂದೇ ಸಾಕ್ಷಿ ಸಾಕು. 6/ಕ್ಷ < 2 ನೋಡಿ. ಎರಡೂ ಬದಿಯನ್ನು ಕ್ಷದಿಂದ ಗುಣಿಸಿ 6 < 2ಕ್ಷ, ಕ್ಷ > 3 ಎಂದರೆ ಅರ್ಧ ಉತ್ತರ ಕೈತಪ್ಪುತ್ತದೆ, ಏಕೆಂದರೆ ಕ್ಷ ಋಣವೂ ಆಗಿರಬಹುದು. ಗಡಿಗಳು 0 ಮತ್ತು 3. −1 ಇಟ್ಟರೆ −6 < 2, ನಿಜ. 1 ಇಟ್ಟರೆ 6 < 2, ಸುಳ್ಳು. 6 ಇಟ್ಟರೆ 1 < 2, ನಿಜ. ಉತ್ತರ: ಕ್ಷ < 0 ಅಥವಾ ಕ್ಷ > 3. ಕ್ಷ² − ಕ್ಷ − 6 < 0 ಕೂಡ ಇದೇ ಅಚ್ಚಿನಲ್ಲಿ ಬರುತ್ತದೆ: (ಕ್ಷ − 3)(ಕ್ಷ + 2) ಎಂದು ಅಪವರ್ತಿಸಿ, −2 ಮತ್ತು 3ರ ನಡುವಿನ 0 ಇಟ್ಟರೆ −6, ಆ ನಡುವಿನ ಭಾಗವೇ ಉತ್ತರ. ≤ ಇದ್ದಾಗ ಗಡಿಯನ್ನು ಸೇರಿಸಬೇಕೇ ಎಂಬುದನ್ನು ಮಾತ್ರ ಬೇರೆಯಾಗಿ ನೋಡಬೇಕು. ಛೇದವನ್ನು ಸೊನ್ನೆ ಮಾಡುವ ಗಡಿ ಎಂದೂ ಸೇರುವುದಿಲ್ಲ. ಮೊದಲು ಹೀಗಳೆಯುತ್ತಿದ್ದ ಊಹೆ ಇಲ್ಲಿ ಮರ್ಯಾದೆಯ ಕೆಲಸ ಪಡೆದಿದೆ.

ನಕ್ಷೆಯನ್ನು ಕೈಯಲ್ಲಿ ಎಳೆದು ಸಮೀಕರಣ ಬಿಡಿಸುವುದು ನನಗೆ ಸರಿಬರಲಿಲ್ಲ. 7ಕ್ಷ − 5 ಮತ್ತು 3ಕ್ಷ + 19 ಸಂಧಿಸುವುದು 37ರ ಎತ್ತರದಲ್ಲಿ. ಅಷ್ಟು ಅಳತೆ ಗುರುತಿಸುವುದರೊಳಗೆ ಪಕ್ಷಾಂತರ ಮುಗಿದಿರುತ್ತದೆ, 4.25ರಂಥ ಉತ್ತರವನ್ನು ಕಣ್ಣಳತೆಯಲ್ಲಿ ಓದುವುದೂ ಕಷ್ಟ. ಆದರೆ ಜಿಯೋಜೀಬ್ರಾದಂಥ ತಂತ್ರಾಂಶದಲ್ಲಿ ಅದೇ ರೇಖೆಗಳನ್ನು ಎಳೆದಾಗ 6ರ ಬಲಕ್ಕೆ ಮೊದಲನೆಯದು ಮೇಲಿರುವುದು ಒಂದೇ ನೋಟಕ್ಕೆ ಕಾಣುತ್ತದೆ. 7ಕ್ಷ − 5 > 3ಕ್ಷ + 19 ಎಂಬ ಅಸಮತೆಯ ಉತ್ತರ ಅದೇ. 2(ಕ್ಷ + 3) = 2ಕ್ಷ + 6 ಬಿಡಿಸಲು ಹೋಗಿ 0 = 0 ಎಂದು ಬಂದು ಕಂಗಾಲಾದವರು ಅಲ್ಲಿ ಒಂದರ ಮೇಲೊಂದು ಮಲಗಿದ ರೇಖೆಗಳನ್ನು ನೋಡಬೇಕು. ಬಲಭಾಗವನ್ನು 2ಕ್ಷ + 2 ಎಂದು ಮಾಡಿದರೆ ಸಮಾಂತರ ರೇಖೆಗಳು, ಉತ್ತರವಿಲ್ಲ. ಲೆಕ್ಕದ ಚಿತ್ರ ತೆಗೆದರೆ ಹೆಜ್ಜೆಗಳನ್ನು ಬರೆದುಕೊಡುವ ಮೊಬೈಲ್ ಆ್ಯಪ್‌ಗಳನ್ನೂ ಬಳಸಿದೆ. ತಾಳೆ ನೋಡಲು ಒಳ್ಳೆಯವು, ಕಲಿಯಲು ಅಲ್ಲ.

ಇನ್ನು |ಕ್ಷ − 4| < 3 ಎಂಬಂಥವು. ನಿರಪೇಕ್ಷ ಮೌಲ್ಯವನ್ನು ಎರಡು ಸಂದರ್ಭಗಳಾಗಿ ಒಡೆದು ಎರಡು ಅಸಮತೆ ಬಿಡಿಸುವುದು ರೂಢಿಯ ಕ್ರಮ. ಸರಿಯಾದದ್ದೇ, ಆದರೆ ಸುತ್ತುದಾರಿ. 4ರಿಂದ ಕ್ಷಗಿರುವ ದೂರ 3ಕ್ಕಿಂತ ಕಡಿಮೆ ಎಂದು ಓದಿಕೊಂಡರೆ ಬರೆಯುವುದಕ್ಕೇ ಏನೂ ಉಳಿಯುವುದಿಲ್ಲ: 1ರಿಂದ 7ರ ನಡುವೆ, ಗಡಿಗಳನ್ನು ಬಿಟ್ಟು. |2ಕ್ಷ − 4| < ಕ್ಷ + 1 ಎಂದಾದರೆ ದೂರದ ಓದು ಸಾಲುವುದಿಲ್ಲ, ಬಲಭಾಗವೂ ಚಲಿಸುತ್ತಿರುತ್ತದೆ. ಆಗ ಮತ್ತೆ ಗಡಿ ಹುಡುಕುವುದೇ: = ಇಟ್ಟು ಬಿಡಿಸಿದರೆ 1 ಮತ್ತು 5; 0 ಸುಳ್ಳು, 2 ನಿಜ, 6 ಸುಳ್ಳು; ಉತ್ತರ 1 < ಕ್ಷ < 5.